ಮಾರಿಸ್ ಮೈನರಿನ ಬ್ರೇಕ್ ಪೆಡಲಿಗೆ ಹೊಸ ತೂತು ಕೊರೆಸಬೇಕೇ?

ಪ್ರಶ್ನೆ: ನಮ್ಮ ತಾತ ಕೊಂಡಿದ್ದ 1955ರ ಮಾರಿಸ್ ಮೈನರ್ ಕಾರು ಹದಿನೈದು ವರ್ಷ ಶೆಡ್ಡಿನಲ್ಲೇ ನಿಂತಿತ್ತು. ಈಗ ಎಂಜಿನ್, ಗೇರ್‌ಬಾಕ್ಸ್ ಎರಡೂ ಸರಿಯಾಗಿವೆ, ಬ್ರೇಕ್ ಮಾತ್ರ ಕಲ್ಲಿನ ಹಾಗೆ. ಬಲವಾಗಿ ತುಳಿದರೂ ಗಾಡಿ ತನ್ನ ಪಾಡಿಗೆ ಸಾವಕಾಶವಾಗಿ ನಿಲ್ಲುತ್ತದೆ. ನನ್ನ ಹೆಂಡತಿಗಂತೂ ತುಳಿಯಲಿಕ್ಕೇ ಆಗುವುದಿಲ್ಲ. ಮೇಸ್ತ್ರಿ ಎರಡು ದಾರಿ ಹೇಳುತ್ತಿದ್ದಾರೆ. ಒಂದು, ಪೆಡಲಿನ ತೋಳಿಗೆ ಪುಶ್‌ರಾಡ್ (ತುಳಿತವನ್ನು ಮುಂದಕ್ಕೆ ಸಾಗಿಸುವ ಸರಳು) ಸೇರುವ ತೂತನ್ನು ಅರ್ಧ ಇಂಚು ಸರಿಸಿ ಹೊಸದಾಗಿ ಕೊರೆಯುವುದು. ಇನ್ನೊಂದು, ಬ್ರೇಕ್ ಆಯಿಲನ್ನು ಚಕ್ರಗಳಿಗೆ ತಳ್ಳುವ, ನೆಲದ ಕೆಳಗಿರುವ ಮಾಸ್ಟರ್ ಸಿಲಿಂಡರನ್ನೇ ತೆಗೆದುಹಾಕಿ, ಈಗಿನ ಕಾರುಗಳ ಹಾಗೆ ತುಳಿತಕ್ಕೆ ಬಲ ಕೂಡಿಸುವ ಬೂಸ್ಟರ್ ಸಮೇತ ಎಂಜಿನ್ ಹಿಂದಿನ ಗೋಡೆಗೆ ಹೊಸದನ್ನು ಕೂರಿಸಿ, ಮೇಲಿಂದ ನೇತಾಡುವ ಪೆಡಲ್ ಹಾಕುವುದು. ಯಾವುದನ್ನು ಮಾಡಿಸಲಿ?
— ಮೈಸೂರಿನ ಓದುಗರು

ಉತ್ತರ: ಸದ್ಯಕ್ಕೆ ಎರಡೂ ಬೇಡ. ನಿಮ್ಮ ಮೇಸ್ತ್ರಿ ಹೇಳಿದ್ದು ಸುಳ್ಳೇನೂ ಅಲ್ಲ, ತೂತು ಸರಿಸಿದರೆ ಪೆಡಲ್ ಖಂಡಿತ ಹಗುರವಾಗುತ್ತದೆ. ಆದರೆ ನೀವು ಬರೆದ ಲಕ್ಷಣ ನೋಡಿದರೆ ಕಾಯಿಲೆ ಪೆಡಲಿನಲ್ಲಿಲ್ಲ, ಚಕ್ರದೊಳಗಿದೆ ಅನ್ನಿಸುತ್ತದೆ. ಅದಕ್ಕೆ ಆಮೇಲೆ ಬರುತ್ತೇನೆ. ಮೊದಲು ಆ ಅರ್ಧ ಇಂಚಿನ ಲೆಕ್ಕ.

ಹಾರೆ ಹಾಕಿ ಬಂಡೆ ಎಬ್ಬಿಸುವುದನ್ನು ನೋಡಿದ್ದೀರಲ್ಲ. ಒತ್ತುಗಲ್ಲನ್ನು ಬಂಡೆಯ ಹತ್ತಿರಕ್ಕೆ ತಂದಷ್ಟೂ ಕೈಗೆ ಹಗುರ, ಆದರೆ ಕೈ ಒಂದು ಮಾರು ಇಳಿದರೂ ಬಂಡೆ ಏಳುವುದು ಬೆರಳಷ್ಟೇ. ಬ್ರೇಕ್ ಪೆಡಲ್ ಇದೇ ಹಾರೆ. ಪೆಡಲ್ ತಿರುಗುವ ಶಾಫ್ಟಿನ ನಡುಮಧ್ಯದಿಂದ ನಿಮ್ಮ ಪಾದ ಕೂರುವ ಪ್ಯಾಡಿನ ನಡುವಿಗೆ ಎಷ್ಟು ದೂರ, ಅದೇ ಶಾಫ್ಟಿನಿಂದ ಪುಶ್‌ರಾಡಿನ ಪಿನ್ನಿಗೆ ಎಷ್ಟು ದೂರ, ಇವೆರಡನ್ನು ಭಾಗಿಸಿದರೆ ಬರುವುದೇ ಪೆಡಲ್ ಅನುಪಾತ. ಬೂಸ್ಟರ್ ಇಲ್ಲದ ಹಳೆಯ ಕಾರುಗಳಲ್ಲಿ ಇದು ಸಾಮಾನ್ಯವಾಗಿ 5ರಿಂದ 6ರ ಆಸುಪಾಸು, ಬೂಸ್ಟರ್ ಇರುವ ಕಾರುಗಳಲ್ಲಿ 4ರ ಸುತ್ತಮುತ್ತ.

ಲೆಕ್ಕ ಸುಲಭವಾಗಲಿ ಅಂತ ಮೊದಲನೆಯ ದೂರ 250 ಮಿ.ಮೀ., ಎರಡನೆಯದು 50 ಮಿ.ಮೀ. ಅಂದುಕೊಳ್ಳಿ. ನಿಮ್ಮ ಕಾರಿನ ನಿಜವಾದ ಅಳತೆಯನ್ನು ನೀವೇ ಟೇಪು ಹಿಡಿದು ತೆಗೆಯಬೇಕು. ಈ ಅಳತೆಗೆ ಅನುಪಾತ 5. ಪಾದದಿಂದ 30 ಕೆಜಿ ಭಾರ ಹಾಕಿದರೆ ಪುಶ್‌ರಾಡಿನಲ್ಲಿ 150 ಕೆಜಿ. ಮೈನರಿನ ಮೂಲ ಮಾಸ್ಟರ್ ಸಿಲಿಂಡರಿನ ಒಳವ್ಯಾಸ 7/8 ಇಂಚು, ಅಂದರೆ ಸುಮಾರು 22 ಮಿ.ಮೀ. ಅದರ ಪಿಸ್ಟನ್ನಿನ ವಿಸ್ತೀರ್ಣ ಸುಮಾರು 3.9 ಚದರ ಸೆಂ.ಮೀ. ಆಗುವುದರಿಂದ ಪೈಪಿನೊಳಗೆ ಹುಟ್ಟುವ ಒತ್ತಡ ಪ್ರತಿ ಚದರ ಸೆಂ.ಮೀ.ಗೆ 39 ಕೆಜಿ. ಈಗ ಮೇಸ್ತ್ರಿ ಹೇಳಿದಂತೆ ತೂತನ್ನು ಅರ್ಧ ಇಂಚು ಶಾಫ್ಟಿನ ಕಡೆಗೆ ತಂದರೆ 50 ಹೋಗಿ ಸುಮಾರು 37 ಮಿ.ಮೀ. ಆಗುತ್ತದೆ, ಅನುಪಾತ 6.7ಕ್ಕೆ ಏರುತ್ತದೆ. ಅದೇ 30 ಕೆಜಿ ಪಾದಕ್ಕೆ ಒತ್ತಡ 52 ಕೆಜಿ. ಮೂರನೇ ಒಂದು ಭಾಗ ಹೆಚ್ಚು! ಕೇಳಲಿಕ್ಕೆ ಚೆನ್ನಾಗಿದೆ.

ಅದಕ್ಕೆ ಕೊಡಬೇಕಾದ ಬೆಲೆ ದೂರ. ಬ್ರೇಕ್ ಪೂರ್ತಿ ಹಿಡಿಯಲು ಪಿಸ್ಟನ್ 18 ಮಿ.ಮೀ. ಸರಿಯಬೇಕು ಅಂತಿಟ್ಟುಕೊಳ್ಳಿ. ಮೊದಲು ಪಾದ 90 ಮಿ.ಮೀ. ಇಳಿದರೆ ಸಾಕಿತ್ತು, ಈಗ 120 ಮಿ.ಮೀ. ಇಳಿಯಬೇಕು. ಮೈನರಿನ ಪೆಡಲ್ ನೆಲದ ಸೀಳಿನಿಂದ ಮೇಲೆ ಬಂದಿರುವಂಥದ್ದು, ಅದಕ್ಕೆ ಇಳಿಯಲು ಇರುವ ಜಾಗ ಅಷ್ಟರಲ್ಲೇ ಇದೆ. ನೆಲ ಮುಟ್ಟಿದ ಪೆಡಲಿಗೆ ಅನುಪಾತ ಎಷ್ಟಿದ್ದರೇನು?

ಕೆಲವರು ಪೆಡಲ್ ಮುಟ್ಟದೆ ಸಣ್ಣ ಮಾಸ್ಟರ್ ಸಿಲಿಂಡರ್ ಹಾಕಿಸುತ್ತಾರೆ, ಅದು ಜಾಣತನ ಅಂದುಕೊಳ್ಳುತ್ತಾರೆ. 7/8ರ ಬದಲು 3/4 ಇಂಚಿನದು ಹಾಕಿದರೆ ಒತ್ತಡ 53 ಕೆಜಿಗೆ ಹೋಗುತ್ತದೆ ನಿಜ, ಆದರೆ ಅಷ್ಟೇ ಬ್ರೇಕ್ ಆಯಿಲ್ ತಳ್ಳಲು ಸಣ್ಣ ಪಿಸ್ಟನ್ 24 ಮಿ.ಮೀ.ಗೂ ಹೆಚ್ಚು ಓಡಬೇಕು. ಅಂದರೆ ಪಾದಕ್ಕೆ ಮತ್ತೆ 120ರ ಮೇಲೆಯೇ. ಯಾವ ದಾರಿಯಲ್ಲಿ ಹೋದರೂ ಸುಂಕದ ಕಟ್ಟೆ ಒಂದೇ.

ಈ ಸುಂಕವನ್ನು ನಾನೂ ಕಟ್ಟಿದ್ದೇನೆ. 80ರ ದಶಕದ ಕೊನೆಯಲ್ಲಿ, ಕಲಿತ ಹೊಸದರಲ್ಲಿ, ನನ್ನದೇ ಹಳೆಯ ಅಂಬಾಸಿಡರಿಗೆ ಹೀಗೆಯೇ ತೂತು ಸರಿಸಿದ್ದೆ. ಊರೊಳಗೆ ಬೆಣ್ಣೆಯಂಥ ಬ್ರೇಕು. ಹೇಳಿಕೊಂಡು ತಿರುಗಿದ್ದೂ ಆಯಿತು. ಒಂದು ತಿಂಗಳಾದ ಮೇಲೆ ಮನೆಯವರನ್ನೆಲ್ಲ ಕೂರಿಸಿಕೊಂಡು ಆಗುಂಬೆ ಘಾಟಿ ಇಳಿಯುತ್ತಿದ್ದೆ, ಸೋಮೇಶ್ವರದ ಕಡೆಗೆ. ಅರ್ಧ ಇಳಿಯುವಷ್ಟರಲ್ಲಿ ಪೆಡಲ್ ತಿರುವಿನಿಂದ ತಿರುವಿಗೆ ತಗ್ಗುತ್ತಾ ಹೋಯಿತು. ಕೊನೆಗೊಂದು ತಿರುವಿನಲ್ಲಿ ಬೂಟು ಮ್ಯಾಟಿಗೆ ತಾಗಿತು, ಗಾಡಿ ಮಾತ್ರ ಹೋಗುತ್ತಲೇ ಇತ್ತು. ಎರಡನೇ ಗೇರು, ಹ್ಯಾಂಡ್‌ಬ್ರೇಕು, ಎಡಗಡೆಯ ಚರಂಡಿ, ಮೂರೂ ಸೇರಿ ನಮ್ಮನ್ನು ಉಳಿಸಿದವು. ಹಿಂದಿನ ಸೀಟಿನಲ್ಲಿದ್ದ ಅಮ್ಮ ಅದಾದ ಮೇಲೆ ಮೂರು ವರ್ಷ ನನ್ನ ಗಾಡಿ ಹತ್ತಲಿಲ್ಲ.

ಆದದ್ದೇನೆಂದರೆ, ಚಕ್ರದ ಜೊತೆ ತಿರುಗುವ ಡ್ರಮ್ ಬಿಸಿಯಾದಂತೆ ಹಿಗ್ಗುತ್ತದೆ. ಅದನ್ನು ಉಜ್ಜಿ ನಿಲ್ಲಿಸುವ ಶೂಗಳು ಒಳಗಿನಿಂದ ಹೊರಕ್ಕೆ ಒತ್ತುವುದರಿಂದ, ಹಿಗ್ಗಿದ ಡ್ರಮ್ಮನ್ನು ಮುಟ್ಟಲು ಅವು ಇನ್ನೂ ದೂರ ಹೋಗಬೇಕು, ಪೆಡಲ್ ಇನ್ನೂ ಇಳಿಯಬೇಕು. ಕಂಪನಿಯವರು ಪೆಡಲಿಗೆ ಬಿಟ್ಟಿದ್ದ ಹೆಚ್ಚುವರಿ ದೂರ ಇದ್ದದ್ದೇ ಇಂಥ ಹೊತ್ತಿಗೆ. ನಾನು ಅದನ್ನು ಮೊದಲೇ ಖರ್ಚು ಮಾಡಿ ಕೂತಿದ್ದೆ. ತಣ್ಣಗಿನ ಬ್ರೇಕಿನಲ್ಲಿ, ಮೈಸೂರಿನ ಸಮತಟ್ಟು ರಸ್ತೆಯಲ್ಲಿ ಈ ತಪ್ಪು ಎಂದೂ ಕಾಣಿಸುವುದಿಲ್ಲ.

ಈಗ ನಿಮ್ಮ ಕಾರಿಗೆ ಬರೋಣ. ನೀವು ಬರೆದಿರುವುದು ಎರಡು ಮಾತು: ಪೆಡಲ್ ಗಟ್ಟಿ, ಗಾಡಿ ಬೇಗ ನಿಲ್ಲುವುದಿಲ್ಲ. ಪೆಡಲ್ ಎಲ್ಲಿ ಗಟ್ಟಿಯಾಗುತ್ತದೆ ಅನ್ನುವುದನ್ನು ಬರೆದಿಲ್ಲ, ಅದೇ ಮುಖ್ಯ. ಸ್ವಲ್ಪ ಇಳಿದೊಡನೆ ಮೇಲೆಯೇ ಕಲ್ಲಾಗಿ ನಿಂತರೆ ಒತ್ತಡ ಹುಟ್ಟುತ್ತಿದೆ ಎಂದರ್ಥ, ಹುಟ್ಟಿದ ಒತ್ತಡ ಡ್ರಮ್ಮಿನಲ್ಲಿ ಘರ್ಷಣೆಯಾಗಿ ಬದಲಾಗುತ್ತಿಲ್ಲ. ಆಗ ಲಿಂಕೇಜ್, ಅಂದರೆ ಪೆಡಲಿನಿಂದ ಪಿಸ್ಟನ್ ತನಕದ ಜೋಡಣೆ, ಬದಲಿಸಿ ಏನೂ ಪ್ರಯೋಜನವಿಲ್ಲ. ಹದಿನೈದು ವರ್ಷ ನಿಂತ ಗಾಡಿ ಎಂದಮೇಲೆ ನನ್ನ ಅನುಮಾನ ಪೂರ್ತಿ ಈ ಕಡೆಗೇ.

1955ರ ನಿಮ್ಮದು 803 ಸಿಸಿ ಎಂಜಿನ್ನಿನ ಸೀರೀಸ್ 2, ನಾಲ್ಕೂ ಚಕ್ರಕ್ಕೆ 7 ಇಂಚಿನ ಡ್ರಮ್. (1962ರಲ್ಲಿ 1098 ಸಿಸಿ ಎಂಜಿನ್ ಬಂದಾಗ ಮುಂದಿನವನ್ನು 8 ಇಂಚಿಗೆ ಏರಿಸಿದರು, ಆ ಮಾತು ಬೇರೆ.) ಮುಂದಿನ ಪ್ರತಿ ಚಕ್ರದಲ್ಲಿ ಆಯಿಲಿನ ಒತ್ತಡದಿಂದ ಶೂ ತಳ್ಳುವ ಎರಡೆರಡು ವೀಲ್ ಸಿಲಿಂಡರ್ ಇವೆ, ಒಂದೊಂದು ಶೂಗೆ ಒಂದೊಂದು. ಎರಡೂ ಶೂ ಡ್ರಮ್ ತಿರುಗುವ ದಿಕ್ಕಿಗೆ ಮುಖ ಮಾಡಿರುವುದರಿಂದ, ತಾಗಿದೊಡನೆ ಡ್ರಮ್ಮೇ ಅವನ್ನು ಎಳೆದುಕೊಂಡು ಇನ್ನಷ್ಟು ಬಿಗಿ ಹಿಡಿಯುತ್ತದೆ. ಬೂಸ್ಟರ್ ಇಲ್ಲದೆ ಆ ಕಾಲದಲ್ಲಿ ಗಾಡಿ ನಿಲ್ಲುತ್ತಿದ್ದುದು ಈ ಉಪಾಯದಿಂದ. ಈ ನಾಲ್ಕರಲ್ಲಿ ಒಂದು ಸಿಲಿಂಡರ್ ತುಕ್ಕು ಹಿಡಿದು ಕೂತರೂ ಮುಂದಿನ ಬ್ರೇಕಿನ ಕಾಲು ಭಾಗ ಹೋಯಿತು, ಎರಡು ಕೂತರೆ ಅರ್ಧ. ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತದೆ, ನಿಂತ ಗಾಡಿಯಲ್ಲಿ ಆ ನೀರು ಸಿಲಿಂಡರಿನ ತಳ ಸೇರಿ ತುಕ್ಕು ಹಿಡಿಸುತ್ತದೆ. ಜಾಕ್ ಕೊಟ್ಟು ಡ್ರಮ್ ಬಿಚ್ಚಿ, ಯಾರಾದರೂ ಪೆಡಲನ್ನು ಅರ್ಧ ಇಂಚಿನಷ್ಟು ಮಾತ್ರ ಮೆಲ್ಲಗೆ ಒತ್ತಲಿ, ನೀವು ಶೂಗಳನ್ನು ನೋಡಿ. ಜೋರಾಗಿ ಒತ್ತಿದರೆ ಪಿಸ್ಟನ್ ಹೊರಗೆ ಹಾರಿ ಬರುತ್ತದೆ, ಹುಷಾರು.

ಆಮೇಲೆ ಲೈನರ್, ಅಂದರೆ ಶೂಗಳ ಮೇಲಿನ ಉಜ್ಜುವ ಪಟ್ಟಿ. ಕನ್ನಡಿಯಂತೆ ಹೊಳೆಯುತ್ತಿದ್ದರೆ ಅದು ಹಿಡಿಯುವುದಿಲ್ಲ. ಬದಲಿಸಿದ್ದರೆ ಯಾವ ಲೈನರ್ ಹಾಕಿದ್ದಾರೆಂದು ಕೇಳಿ. ಲೈನರ್ ಅಂಟಿಸುವ ಅಂಗಡಿಗಳಲ್ಲಿ ಬಾಳಿಕೆ ಬರಲಿ ಅಂತ ಭಾರಿ ವಾಹನದ ಗಟ್ಟಿ ಸಾಮಾನು ಹಾಕಿಕೊಡುವುದುಂಟು. ಲಾರಿಯ ಬಿಸಿಗೆ ಅದು ಸರಿ, ಏಳೆಂಟು ನೂರು ಕೆಜಿಯ ಮೈನರಿನಲ್ಲಿ ಅದು ಬಿಸಿಯಾಗುವುದೂ ಇಲ್ಲ, ಕಚ್ಚುವುದೂ ಇಲ್ಲ. ಮೃದು ಲೈನರ್ ಕೇಳಿ ಹಾಕಿಸಿ, ಬೇಗ ಸವೆಯುತ್ತದೆ, ಸವೆಯಲಿ.

ಇನ್ನೊಂದು ಪರೀಕ್ಷೆಯನ್ನು ಈಗಿನ ಹುಡುಗರು ಮಾಡುವುದೇ ಇಲ್ಲ. ಡ್ರಮ್ಮಿನ ಒಳಮೈಗೆ ಸೀಮೆಸುಣ್ಣ ಸವರಿ, ಡ್ರಮ್ ಕೂರಿಸಿ, ಪೆಡಲ್ ಹಗುರವಾಗಿ ಒತ್ತಿಸಿಕೊಂಡು ಕೈಯಿಂದ ಒಂದು ಸುತ್ತು ತಿರುಗಿಸಿ. ಬಿಚ್ಚಿ ನೋಡಿದರೆ ಲೈನರಿನ ಯಾವ ಭಾಗ ತಾಗುತ್ತಿದೆ ಎಂದು ಬಿಳಿ ಗುರುತೇ ಹೇಳುತ್ತದೆ. ಲೇತಿನಲ್ಲಿ ಎರಡು ಮೂರು ಸಲ ಡ್ರಮ್ ಕಡೆಸಿದ್ದರೆ ಅದರ ಒಳವ್ಯಾಸ ದೊಡ್ಡದಾಗಿರುತ್ತದೆ, ಶೂಗಳ ಬಾಗು ಮಾತ್ರ ಹಳೆಯದೇ. ಹಾಗಾಗಿ ನಡುವೆ ಎರಡು ಬೆರಳಗಲ ಮಾತ್ರ ತಾಗುತ್ತಿರುತ್ತದೆ. ಶೂಗಳನ್ನು ಡ್ರಮ್ಮಿನ ಅಳತೆಗೆ ಉಜ್ಜಿಸಿ ಕೂರಿಸಿದರೆ ಪೆಡಲ್ ಮುಟ್ಟದೆಯೇ ಅರ್ಧ ದೂರು ಕರಗುತ್ತದೆ. ಹಳೆಯ ಲೈನರಿನ ಪುಡಿಯನ್ನು ಮಾತ್ರ ಗಾಳಿ ಹೊಡೆದು ಹಾರಿಸಬೇಡಿ. ಅದರಲ್ಲಿ ಕಲ್ನಾರು (ಆಸ್ಬೆಸ್ಟಾಸ್) ಇರಬಹುದು, ಒದ್ದೆ ಬಟ್ಟೆಯಿಂದ ಒರೆಸಿ ಬಟ್ಟೆಯನ್ನೂ ಎಸೆಯಿರಿ.

ರಬ್ಬರ್ ಹೋಸ್ ಮೂರನ್ನೂ ಹಾಗೆಯೇ ಬದಲಿಸಿ. ಹೊರಗೆ ಚೆನ್ನಾಗಿ ಕಂಡರೂ ಒಳಗೆ ಊದಿ ದಾರಿ ಸೂಜಿಯಷ್ಟಾಗಿರುತ್ತದೆ.

ಇಷ್ಟಾದ ಮೇಲೆ ಲಿಂಕೇಜ್. ಇಲ್ಲಿ ಬದಲಾವಣೆಗಿಂತ ಮೊದಲು ಆಗಬೇಕಾದದ್ದು ಕಳೆದುಹೋದ ದೂರದ ವಸೂಲಿ. ಪೆಡಲಿನ ಬುಷ್, ಅದು ಕೂತಿರುವ ಶಾಫ್ಟ್, ಪುಶ್‌ರಾಡ್ ತುದಿಯ ಫೋರ್ಕಿನ ಪಿನ್, ಪಿನ್ ಕೂರುವ ತೂತು, ಇವು ಎಪ್ಪತ್ತು ವರ್ಷದ ಕೆಸರು ಧೂಳಿನಲ್ಲಿ ಸವೆದಿರುತ್ತವೆ, ಏಕೆಂದರೆ ಎಲ್ಲವೂ ನೆಲದ ಕೆಳಗೇ ಇವೆ. ಪುಶ್‌ರಾಡಿನ ತುದಿಯಲ್ಲಿ ಒಂದು ಮಿ.ಮೀ. ಆಟವಿದ್ದರೆ ಪಾದಕ್ಕೆ ಅದು ಐದು ಮಿ.ಮೀ. ಮೂರು ಕಡೆ ಅರ್ಧರ್ಧ ಮಿ.ಮೀ. ಸವೆದರೂ ಪಾದ ಏಳೆಂಟು ಮಿ.ಮೀ. ಸುಮ್ಮನೆ ಇಳಿಯುತ್ತದೆ. ಪೆಡಲನ್ನು ಕೈಯಲ್ಲಿ ಹಿಡಿದು ಎಡಕ್ಕೆ ಬಲಕ್ಕೆ ಅಲ್ಲಾಡಿಸಿ, ಸವೆತ ಕೈಗೇ ಗೊತ್ತಾಗುತ್ತದೆ. ಒಳ್ಳೆಯ ಲೇತ್ ಅಂಗಡಿಯಲ್ಲಿ ಗನ್‌ಮೆಟಲ್ ಬುಷ್ ಮಾಡಿಸಿ, ಮೊಟ್ಟೆಯಾಕಾರವಾದ ತೂತನ್ನು ರೀಮರಿನಿಂದ ದುಂಡು ಮಾಡಿ, ಅದಕ್ಕೆ ತಕ್ಕ ಒಂದು ಸೈಜು ದಪ್ಪನೆಯ ಪಿನ್ ಹಾಕಿಸಿ. ಈ ಕೆಲಸಕ್ಕೆ ನಾನೂ ಲಿಂಕೇಜ್ ಮಾರ್ಪಾಡು ಎಂದೇ ಹೆಸರಿಡುತ್ತೇನೆ. ಇದಕ್ಕೆ ಸುಂಕವಿಲ್ಲ.

ಮಾಸ್ಟರ್ ಸಿಲಿಂಡರ್ ಹೊರಗೆ ತೆಗೆಯುವಾಗ ಒಂದು ಕಾಟ ಕಾದಿದೆ. ಅದನ್ನು ಷಾಸಿಗೆ ಕಟ್ಟಿರುವ ಬೋಲ್ಟ್‌ಗಳನ್ನು ಎಳೆಯಲು ಹೋದರೆ ಮುಂದಿನ ಸಸ್ಪೆನ್ಷನ್ನಿನ ಟಾರ್ಷನ್ ಬಾರ್ (ತಿರುಚಿಕೊಂಡು ಸ್ಪ್ರಿಂಗಿನಂತೆ ಕೆಲಸ ಮಾಡುವ ಸರಳು) ಅಡ್ಡ ಬರುತ್ತದೆ. ಬಾರ್ ಸರಿಸುವ ಸಹನೆಯಿಲ್ಲದವರು ಬೋಲ್ಟನ್ನು ಗರಗಸದಿಂದ ಕೊಯ್ದು, ಹೊಸ ಬೋಲ್ಟನ್ನು ತಿರುಗಾಮುರುಗಾ ಹಾಕುತ್ತಾರೆ. ನಿಮ್ಮ ಕಾರಿನಲ್ಲಿ ಬೋಲ್ಟಿನ ತಲೆ ಉಲ್ಟಾ ಕಡೆ ಇದ್ದರೆ ಯಾರೋ ಪುಣ್ಯಾತ್ಮರು ಆಗಲೇ ಈ ಕೆಲಸ ಮಾಡಿದ್ದಾರೆ, ಬೈಯಬೇಡಿ, ನಿಮಗೆ ಅರ್ಧ ದಿನ ಉಳಿಯಿತು.

ಇಷ್ಟೆಲ್ಲ ಮಾಡಿ, ಶೂಗಳ ಅಡ್ಜಸ್ಟರುಗಳನ್ನು ಚಕ್ರ ಹಿಡಿಯುವ ತನಕ ಬಿಗಿ ಮಾಡಿ, ಸರಾಗ ತಿರುಗುವಷ್ಟು ಮಾತ್ರ ಸಡಿಲಿಸಿ, ಗಾಳಿ ತೆಗೆದ ಮೇಲೆ ಗಾಡಿ ಓಡಿಸಿ ನೋಡಿ. ಗಾಡಿ ನಿಲ್ಲುವುದು ಸರಿಯಾಗಿದ್ದೂ ನಿಮ್ಮ ಮನೆಯವರ ಪಾದಕ್ಕೆ ಇನ್ನೂ ಭಾರವೆನಿಸಿದರೆ, ಆಗ ನಾನು ಹೇಳುವುದು ರಿಮೋಟ್ ಸರ್ವೋ, ಅಂದರೆ ಪೆಡಲಿನಿಂದ ದೂರ ಕೂರುವ ಬೂಸ್ಟರ್. ಇದು ಪೆಡಲಿಗೂ ಮಾಸ್ಟರ್ ಸಿಲಿಂಡರಿಗೂ ಕೈ ಹಚ್ಚುವುದಿಲ್ಲ. ಮಾಸ್ಟರ್ ಸಿಲಿಂಡರಿನಿಂದ ಚಕ್ರಗಳಿಗೆ ಹೋಗುವ ಪೈಪಿನ ನಡುವೆ, ಎಂಜಿನ್ ಕೋಣೆಯಲ್ಲಿ ಜಾಗ ಸಿಕ್ಕಲ್ಲಿ ಕೂರುತ್ತದೆ. ಎಂಜಿನ್ ಗಾಳಿ ಎಳೆದುಕೊಳ್ಳುವ ಇನ್‌ಲೆಟ್ ಮ್ಯಾನಿಫೋಲ್ಡಿನ ನಿರ್ವಾತದಿಂದ ಕೆಲಸ ಮಾಡುತ್ತದೆ. ಕೆಟ್ಟರೂ ಬ್ರೇಕ್ ಹೋಗುವುದಿಲ್ಲ, ಪೆಡಲ್ ಹಳೆಯ ಭಾರಕ್ಕೆ ಮರಳುತ್ತದೆ ಅಷ್ಟೇ. ಮನಸ್ಸು ಬದಲಾದರೆ ಬಿಚ್ಚಿ ಪಕ್ಕಕ್ಕಿಡಬಹುದು, ಕಾರಿನ ಮೈಮೇಲೆ ದೊಡ್ಡ ಗಾಯ ಉಳಿಯುವುದಿಲ್ಲ.

ಮೇಸ್ತ್ರಿಯವರ ಎರಡನೇ ದಾರಿಯ ಪರವಾಗಿ ಒಂದು ಬಲವಾದ ಮಾತಿದೆ, ಅದನ್ನು ಮುಚ್ಚಿಡಬಾರದು. ಮೈನರಿನದು ಒಂಟಿ ಸರ್ಕ್ಯೂಟ್. ಎಲ್ಲೋ ಒಂದು ಪೈಪು ಒಡೆದರೆ ನಾಲ್ಕೂ ಚಕ್ರದ ಬ್ರೇಕು ಒಟ್ಟಿಗೇ ಹೋಗುತ್ತದೆ, ಹಿಂದಿನ ಚಕ್ರದ ಕೇಬಲ್ ಹ್ಯಾಂಡ್‌ಬ್ರೇಕೊಂದೇ ಗತಿ. ಈಗಿನ ಮಾಸ್ಟರ್ ಸಿಲಿಂಡರುಗಳು ಎರಡು ಸರ್ಕ್ಯೂಟಿನವು. ದಿನಾ ಬೆಂಗಳೂರು ಹೆದ್ದಾರಿಯಲ್ಲಿ ಓಡಿಸುವ ಗಾಡಿಯಾದರೆ ನಾನೂ ಅದನ್ನೇ ಯೋಚಿಸುತ್ತಿದ್ದೆ.

ಆದರೆ ತೊಂದರೆ ಗೋಡೆಯದು. ಮೈನರನ್ನು ವಿನ್ಯಾಸ ಮಾಡಿದ ಅಲೆಕ್ ಇಸ್ಸಿಗೋನಿಸ್ ಮಾಸ್ಟರ್ ಸಿಲಿಂಡರನ್ನು ಷಾಸಿಯ ತೋಳಿನೊಳಗೆ ಇಟ್ಟದ್ದಕ್ಕೆ ನಾವು ಮೆಕ್ಯಾನಿಕ್‌ಗಳು ಅವರಿಗೆ ಸಾಕಷ್ಟು ಶಾಪ ಹಾಕಿದ್ದೇವೆ, ಆಯಿಲ್ ಹಾಕಬೇಕೆಂದರೂ ಕಾರ್ಪೆಟ್ ಎತ್ತಬೇಕು. ಆದರೂ ಆ ಜಾಗ ಒಂಚೂರೂ ಬಾಗುವುದಿಲ್ಲ. ಎಂಜಿನ್ ಹಿಂದಿನ ಗೋಡೆ ತೆಳು ತಗಡು. ಗಾಬರಿಯಲ್ಲಿ ತುಳಿದಾಗ ಪಾದದಿಂದ ನೂರು ಕೆಜಿ ಬೀಳುವುದು ದೊಡ್ಡದಲ್ಲ, ಪುಶ್‌ರಾಡಿನಲ್ಲಿ ಅದು ಐನೂರು. ತಗಡು ಎರಡು ಮಿ.ಮೀ. ಬಾಗಿದರೆ ಪೆಡಲ್ ಹತ್ತು ಮಿ.ಮೀ. ಸುಮ್ಮನೆ ಇಳಿಯುತ್ತದೆ. ತುಳಿದಷ್ಟೂ ಬಾಗಿ, ಕೆಲವು ವರ್ಷದಲ್ಲಿ ಬೋಲ್ಟಿನ ಸುತ್ತ ಬಿರುಕು ಬಿಡುತ್ತದೆ. ಅದನ್ನು ತಡೆಯಲು ದಪ್ಪ ತಗಡಿನ ಪೆಟ್ಟಿಗೆ ಮಾಡಿ ಸ್ಕಟಲಿಗೂ (ಮುಂಗಾಜಿನ ಕೆಳಗಿನ ಬಾಡಿಯ ಭಾಗ) ಪಕ್ಕದ ಗೋಡೆಗೂ ಕಟ್ಟಬೇಕು. ಜೊತೆಗೆ ಬೇರೆ ಕಾರಿನ ಬೂಸ್ಟರ್ ತಂದರೆ ಅದೇ ಕಾರಿನ ಪೆಡಲ್ ಅನುಪಾತವೂ ಬರಬೇಕು. 6ರ ಪೆಡಲಿಗೆ ಬೂಸ್ಟರ್ ಸೇರಿಸಿದರೆ ಹೆಬ್ಬೆರಳು ಮುಟ್ಟಿಸಿದರೂ ಚಕ್ರ ಕಟ್ಟಿ ಗಾಡಿ ಜಾರುತ್ತದೆ.

ಕಾಗದಪತ್ರದ ವಿಷಯವೂ ಇದೆ. 2021ರ ಜುಲೈನಲ್ಲಿ ಕೇಂದ್ರ ಸಾರಿಗೆ ಸಚಿವಾಲಯ ವಿಂಟೇಜ್ ವಾಹನಗಳ ನೋಂದಣಿಗೆ ನಿಯಮ ತಂದಿದೆ. ಮೊದಲ ನೋಂದಣಿಯಾಗಿ 50 ವರ್ಷ ದಾಟಿದ್ದು, ಷಾಸಿ, ಬಾಡಿ, ಎಂಜಿನ್ನುಗಳಲ್ಲಿ ದೊಡ್ಡ ಬದಲಾವಣೆಯಾಗದೆ ಮೂಲರೂಪದಲ್ಲಿರುವ ಗಾಡಿಗೆ ‘ವಿಎ’ ಅಕ್ಷರಗಳಿರುವ ನಂಬರ್ ಸಿಗುತ್ತದೆ, ಹತ್ತು ವರ್ಷಕ್ಕೆ ಸಿಂಧು. ನಿಮ್ಮ ತಾತನ ಕಾರು ವಯಸ್ಸಿನಲ್ಲಂತೂ ಅರ್ಹ. ಗೋಡೆ ಕೊಯ್ದು ಬೆಸುಗೆ ಹಾಕಿಸಿದ ಮೇಲೆ ‘ಮೂಲರೂಪ’ ಎಂದು ಅಧಿಕಾರಿಗಳ ಮುಂದೆ ವಾದಿಸುವ ಗೋಜು ನಿಮಗೇಕೆ?

ಇಷ್ಟು ಹೇಳಿದ ಮೇಲೂ ತೂತು ಸರಿಸಿಯೇ ಸಿದ್ಧ ಅನ್ನುವಿರಾದರೆ (ಅನ್ನುವವರು ಇರುತ್ತಾರೆ, ನಾನೂ ಒಬ್ಬನಾಗಿದ್ದೆ), ಮೂಲ ಪೆಡಲನ್ನು ಎತ್ತಿಟ್ಟು ಇನ್ನೊಂದು ಹಳೆಯ ಪೆಡಲ್ ಹುಡುಕಿ ಅದರ ಮೇಲೆ ಮಾಡಿಸಿ. ಅರ್ಧ ಇಂಚು ಬೇಡ, ಅನುಪಾತ ಹತ್ತು ಶೇಕಡಾಕ್ಕಿಂತ ಏರದಿರಲಿ. ನಮ್ಮ ಮೇಲಿನ ಲೆಕ್ಕದಲ್ಲಿ ಅದು ನಾಲ್ಕೂವರೆ ಮಿ.ಮೀ. ಅಷ್ಟು ಹತ್ತಿರ ಎರಡನೇ ತೂತು ಕೊರೆದರೆ ಹಳೆಯ ತೂತಿಗೇ ಸೇರಿಕೊಂಡು ತೋಳು ಸಪೂರವಾಗುತ್ತದೆ. ಹಳೆಯದನ್ನು ಬೆಸುಗೆಯಿಂದ ತುಂಬಿದರೆ ಬಿಸಿ ತಾಗಿದ ಉಕ್ಕು ಗಡಸಾಗಿ ಮುರಿಯುವ ಸ್ವಭಾವಕ್ಕೆ ಬರುತ್ತದೆ. ಅಂದರೆ ಸುರಕ್ಷಿತವಾಗಿ ಮಾಡಲು ಹೊಸ ತೋಳನ್ನೇ ಕೆತ್ತಿಸಬೇಕು. ಮೇಸ್ತ್ರಿ ಹೇಳಿದ ಅರ್ಧ ಗಂಟೆಯ ಕೆಲಸ ಇಲ್ಲಿಗೆ ಬಂದು ನಿಲ್ಲುತ್ತದೆ.

ಪಿನ್ ಹಾಕುವಾಗ ಮೈಪೂರ್ತಿ ಥ್ರೆಡ್ ಇರುವ ಸಾಮಾನ್ಯ ಬೋಲ್ಟ್ ಬೇಡವೇ ಬೇಡ, ಥ್ರೆಡ್ ತೂತನ್ನು ಅರದಂತೆ ತಿನ್ನುತ್ತದೆ. ನುಣುಪು ಮೈಯ ಕ್ಲೆವಿಸ್ ಪಿನ್, ಹೊಸ ಸ್ಪ್ಲಿಟ್ ಪಿನ್. ಪೆಡಲ್ ಅರ್ಧ ಇಳಿದಾಗ ತೋಳಿಗೂ ಪುಶ್‌ರಾಡಿಗೂ ನಡುವೆ ಮೂಲೆಮಟ್ಟ ಕೂರಬೇಕು. ರಾಡ್ ಓರೆಯಾದರೆ ಪಿಸ್ಟನ್ನನ್ನು ಒಂದು ಮಗ್ಗುಲಿಗೆ ಒತ್ತಿ ಸಿಲಿಂಡರ್ ಗೀರುತ್ತದೆ.

ಇನ್ನು, ಪೆಡಲ್ ಮೇಲಿದ್ದಾಗ ರಾಡಿನ ತುದಿಗೂ ಪಿಸ್ಟನ್ನಿಗೂ ನಡುವೆ ಸುಮಾರು ಒಂದು ಮಿ.ಮೀ. ಬಿಡುವು ಇರಲೇಬೇಕು. ಪೆಡಲ್ ಎತ್ತರ ಬರಲಿ ಅಂತ ಈ ಬಿಡುವನ್ನು ನುಂಗಿಹಾಕಿದರೆ ಪಿಸ್ಟನ್ ಪೂರ್ತಿ ಹಿಂದಕ್ಕೆ ಬರುವುದಿಲ್ಲ, ಆಯಿಲ್ ಟ್ಯಾಂಕಿಗೆ ಮರಳುವ ಸಣ್ಣ ರಂಧ್ರ ಮುಚ್ಚಿಯೇ ಇರುತ್ತದೆ. ಗಾಡಿ ಓಡಿದಂತೆ ಆಯಿಲ್ ಬಿಸಿಯಾಗಿ ಹಿಗ್ಗಿ, ಬ್ರೇಕು ತಾನಾಗಿಯೇ ಹಿಡಿಯುತ್ತಾ ಹೋಗುತ್ತದೆ. ನಾಲ್ಕು ಕಿಲೋಮೀಟರಿಗೆ ಡ್ರಮ್ ಸುಟ್ಟ ವಾಸನೆ ಬಂದರೆ ಮೊದಲು ನೋಡಬೇಕಾದದ್ದು ಇದನ್ನೇ.

ರಸ್ತೆಗೆ ಇಳಿಸುವ ಮೊದಲು ನಿಂತ ಗಾಡಿಯಲ್ಲಿ ಮೈಯ ಭಾರವೆಲ್ಲ ಹಾಕಿ ಒಂದು ನಿಮಿಷ ತುಳಿದು ಹಿಡಿಯಿರಿ, ಇನ್ನೊಬ್ಬರು ಟಾರ್ಚ್ ಹಿಡಿದು ಕೆಳಗೆ ಏನಾದರೂ ಬಾಗುತ್ತದೆಯೇ, ಒಸರುತ್ತದೆಯೇ ನೋಡಲಿ. ಬಿಟ್ಟೊಡನೆ ನಾಲ್ಕೂ ಚಕ್ರ ಸರಾಗ ತಿರುಗಬೇಕು. ಆಮೇಲೆ ಖಾಲಿ ಮೈದಾನದಲ್ಲಿ ಗಂಟೆಗೆ 40 ಕಿ.ಮೀ. ವೇಗದಿಂದ ಹತ್ತು ಸಲ ಒಂದರ ಹಿಂದೊಂದು ನಿಲ್ಲಿಸಿ, ಹತ್ತನೆಯ ಸಲ ಪೆಡಲ್ ನೆಲದಿಂದ ಎಷ್ಟು ಮೇಲೆ ನಿಂತಿತು ಎಂದು ಅಳೆಯಿರಿ. ತಣ್ಣಗಿದ್ದಾಗಿನ ಅಳತೆ ನನಗೆ ಬೇಡ, ಇದು ಬೇಕು. ಪ್ಯಾಡಿನಿಂದ ಶಾಫ್ಟಿಗೆ, ಶಾಫ್ಟಿನಿಂದ ಪಿನ್ನಿಗೆ ಇರುವ ಎರಡು ದೂರ, ಜೊತೆಗೆ ಈ ಬಿಸಿ ಪೆಡಲಿನ ಎತ್ತರ, ಮೂರು ಅಂಕಿ ಬರೆದು ಕಳಿಸಿ. ಸೀಮೆಸುಣ್ಣ ಹಚ್ಚಿದ ಶೂಗಳ ಒಂದು ಫೋಟೋ ಕೂಡ. ಸರ್ವೋ ಬೇಕೋ ಬೇಡವೋ ಆಗ ಹೇಳುತ್ತೇನೆ.